ಕಲರ್ ಪ್ರಿಂಟರ್ ಕೊಳ್ಳುವ ಮೊದಲು ಕೌಂಟರ್ ನೋಡಿ

"ಆಫೀಸಿಗೆ ಒಂದು ಒಳ್ಳೆ ಕಲರ್ ಲೇಸರ್ ಪ್ರಿಂಟರ್ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮಾಡೆಲ್ ಹೆಸರು ಹೇಳುವುದಿಲ್ಲ. ಈಗಿರುವ ಪ್ರಿಂಟರ್‌ನಿಂದ ಯೂಸೇಜ್ ಪೇಜ್ ತೆಗೆದು ವಾಟ್ಸಾಪ್ ಮಾಡಿ ಎನ್ನುತ್ತೇನೆ. ಮೆನುವಿನಲ್ಲೇ ಇರುತ್ತದೆ. ಇದುವರೆಗೆ ಎಷ್ಟು ಪುಟ ಕಪ್ಪು, ಎಷ್ಟು ಕಲರ್, ಎಲ್ಲವನ್ನೂ ಮೆಷಿನ್ನಿನ ಒಳಗಿನ ಕೌಂಟರೇ ಎಣಿಸಿ ಇಟ್ಟಿರುತ್ತದೆ.

ಒಂದು ಆಡಿಟರ್ ಆಫೀಸಿನ ಕಥೆ ಹೇಳುತ್ತೇನೆ. 14 ಜನ. ಜುಲೈ, ಸೆಪ್ಟೆಂಬರ್ ಬಂತೆಂದರೆ ಪ್ರಿಂಟರ್ ಮುಂದೆ ಕ್ಯೂ. ತಿಂಗಳಿಗೆ ಎಷ್ಟು ಪುಟ ಎಂದು ಕೇಳಿದೆ. "ಒಂದು ಸಾವಿರ ಇರಬಹುದು" ಅಂದರು. ಕೌಂಟರ್ ಪ್ರಕಾರ 4,000 ದಾಟಿತ್ತು. ಅದರಲ್ಲಿ ಅರ್ಧದಷ್ಟು ಕಲರ್! ಯಾಕೆ ಅಂತ ನೋಡಿದರೆ ಲೆಟರ್‌ಹೆಡ್ಡಿನಲ್ಲಿ ಪುಟ್ಟ ನೀಲಿ ಲೋಗೋ, ಕೆಳಗೆ ನೀಲಿ ಅಕ್ಷರದ ಇಮೇಲ್ ವಿಳಾಸ. ಪುಟದಲ್ಲಿ ಒಂದೇ ಒಂದು ನೀಲಿ ಗೆರೆ ಇದ್ದರೂ ಮೆಷಿನ್ ಅದನ್ನು ಕಲರ್ ಪುಟ ಎಂದೇ ಎಣಿಸುತ್ತದೆ. ಪುಟದ ಲೆಕ್ಕದಲ್ಲಿ ಬಾಡಿಗೆ ಕಟ್ಟುವವರಿಗೆ ಇದು ನೇರ ಜೇಬಿಗೇ ಕತ್ತರಿ.

ಇನ್ನು ಡಬ್ಬದ ಮೇಲಿನ ಅಂಕಿಗಳು. ಡ್ಯೂಟಿ ಸೈಕಲ್ 40,000 ಪುಟ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಒಂದು ತಿಂಗಳಲ್ಲಿ ಮೆಷಿನ್ ತಡೆದುಕೊಳ್ಳಬಲ್ಲ ಗರಿಷ್ಠ. ತಿಂಗಳು ತಿಂಗಳೂ ಅಷ್ಟು ದುಡಿಸಿದರೆ ಬೇಗ ಮಲಗುತ್ತದೆ. ನೀವು ಹುಡುಕಬೇಕಾದ್ದು ರೆಕಮೆಂಡೆಡ್ ಮಂತ್ಲಿ ವಾಲ್ಯೂಮ್, ಅಂದರೆ ತಿಂಗಳಿಗೆ ಇಷ್ಟು ಪುಟ ತೆಗೆಯಿರಿ ಎಂದು ಕಂಪನಿಯೇ ಹೇಳುವ ಲೆಕ್ಕ. ಅದು ತುಂಬಾ ಚಿಕ್ಕ ಅಂಕಿ. ನಿಮ್ಮ ಕೌಂಟರ್ ಅದರೊಳಗೆ ಕೂರಬೇಕು.

ಪ್ರಿಂಟರ್ ಬೆಲೆಗಿಂತ ಟೋನರ್, ಅಂದರೆ ಬಣ್ಣದ ಪುಡಿಯ ಡಬ್ಬಿಯ ಬೆಲೆ ಮೊದಲು ಕೇಳಿ. ಒಂದು ಕಲರ್ ಟೋನರ್ 6,000 ರೂಪಾಯಿ, ಬರುವುದು 1,500 ಪುಟ ಅಂತಿಟ್ಟುಕೊಳ್ಳಿ. ಪುಟಕ್ಕೆ 4 ರೂಪಾಯಿ. ನೀಲಿ, ಕೆಂಪು, ಹಳದಿ ಸೇರಿ 12. ಕಪ್ಪು ಬೇರೆ. ಈ 1,500 ಕೂಡ ಐಎಸ್‌ಒ 19798 ಎಂಬ ಅಂತರರಾಷ್ಟ್ರೀಯ ಅಳತೆಯ ಪರೀಕ್ಷಾ ಪುಟಗಳ ಲೆಕ್ಕ. ಅಂದಾಜಿಗೆ ಒಂದೊಂದು ಬಣ್ಣ ಪುಟದ 5% ಜಾಗ ತುಂಬುತ್ತದೆ, ಅಷ್ಟೇ. ನೀವು ಪುಟದ ತುಂಬಾ ಫೋಟೋ, ಪೈ ಚಾರ್ಟ್ ಹಾಕಿದರೆ ಟೋನರ್ ಅಷ್ಟು ದಿನ ಬರುವುದಿಲ್ಲ. ಹೊಸ ಮೆಷಿನ್ ಜೊತೆ ಬರುವ ಟೋನರ್ ಅಂತೂ ಎಷ್ಟೋ ಮಾಡೆಲ್‌ಗಳಲ್ಲಿ ಅರ್ಧಂಬರ್ಧ ತುಂಬಿದ್ದು. ಡ್ರಮ್, ಟ್ರಾನ್ಸ್‌ಫರ್ ಬೆಲ್ಟ್, ವೇಸ್ಟ್ ಟೋನರ್ ಬಾಕ್ಸ್ ಎಂಬ ಒಳಗಿನ ಭಾಗಗಳೂ ಸವೆಯುತ್ತವೆ, ತುಂಬುತ್ತವೆ. ಅವುಗಳ ಬೆಲೆಯನ್ನೂ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ.

ಕೆಲವು ಮೆಷಿನ್‌ಗಳಿಗೆ ಇನ್ನೊಂದು ಚಾಳಿ. ಹಳದಿ ಖಾಲಿಯಾದರೆ ಕಪ್ಪು ಪುಟವನ್ನೂ ಕೊಡದೆ ಮುಷ್ಕರ ಹೂಡುತ್ತವೆ. ರಿಟರ್ನ್ ತುಂಬುವ ಕೊನೆ ದಿನ ಹೀಗಾದರೆ ಗತಿಯೇನು? ಅಂಗಡಿಯಲ್ಲೇ ಇದನ್ನು ಕೇಳಿಬಿಡಿ.

ಕರೆಂಟಿನ ಮಾತು. ಟೋನರ್ ಪುಡಿಯನ್ನು ಕಾಗದಕ್ಕೆ ಅಂಟಿಸುವ ಫ್ಯೂಸರ್ ಸುಮಾರು 180-200 ಡಿಗ್ರಿ ಬಿಸಿಯಾಗಬೇಕು. ಆ ಹೊತ್ತಿಗೆ ಮೆಷಿನ್ 1,000 ವ್ಯಾಟ್‌ವರೆಗೂ ಎಳೆಯಬಹುದು. ನಾನೇ ಹೊಸತರಲ್ಲಿ ಒಂದು ಕಡೆ ಕಂಪ್ಯೂಟರಿನ 600 ವಿಎ ಸಾಮರ್ಥ್ಯದ ಪುಟ್ಟ ಯುಪಿಎಸ್‌ಗೆ ಸಿಕ್ಕಿಸಿ, ಟೆಸ್ಟ್ ಪೇಜ್ ಕೊಟ್ಟ ಕೂಡಲೇ ಎಲ್ಲವೂ ಆಫ್ ಆಗಿ, ಅಕೌಂಟೆಂಟ್ ಕೈಲಿ ಬೈಸಿಕೊಂಡಿದ್ದೇನೆ. ಪ್ರಿಂಟರ್‌ಗೆ ಬೇರೆ ಪ್ಲಗ್ ಪಾಯಿಂಟ್ ಇರಲಿ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಕಾಗದದ ಬಂಡಲ್ ಒಡೆದು ಬಿಡಬೇಡಿ. ತೇವ ಹೀರಿದ ಕಾಗದ ಸುರುಳಿ ಸುತ್ತಿ ಜಾಮ್ ಆಗುತ್ತದೆ, ಬೈಗುಳ ಮಾತ್ರ ಪ್ರಿಂಟರ್‌ಗೆ.

ಸ್ಪೀಡು, ವೈಫೈ, ಟಚ್ ಸ್ಕ್ರೀನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಬದಿ ಪ್ರಿಂಟ್ ಮತ್ತು 250 ಹಾಳೆ ಹಿಡಿಯುವ ಟ್ರೇ ಮಾತ್ರ ಇರಲೇಬೇಕು.

ಆ ಆಡಿಟರ್‌ಗೆ ಕೊನೆಗೆ ಎರಡು ಮೆಷಿನ್ ಕೊಡಿಸಿದೆ. ದಿನದ ಕೆಲಸಕ್ಕೆ ಗಟ್ಟಿಯಾದ ಕಪ್ಪು-ಬಿಳುಪು ಪ್ರಿಂಟರ್. ಜೊತೆಗೆ ಒಂದು ಸಣ್ಣ ಕಲರ್ ಲೇಸರ್. ಕಪ್ಪನ್ನೇ ಎಲ್ಲರ ಕಂಪ್ಯೂಟರಿನಲ್ಲೂ ಡೀಫಾಲ್ಟ್ ಮಾಡಿ, ಕಲರ್ ಮೆಷಿನ್ನನ್ನು ಸಾಹೇಬರ ಕ್ಯಾಬಿನ್ನಿನಲ್ಲಿ ಇಡಿಸಿದೆ. ಮುಂದಿನ ತಿಂಗಳು ಕೌಂಟರ್ ನೋಡಿದರೆ ಕಲರ್ ಪುಟ 260.