ಉಂಡ ಮನೆಯ ಜಂತಿ ಎಣಿಸುವ ರಾತ್ರಿ: ಮನೋವೈಜ್ಞಾನಿಕ ಭೀತಿಕಥೆಯ ಕುರಿತು ಅಧ್ಯಯನ ಟಿಪ್ಪಣಿ

ವಾಹನ ಕೆಟ್ಟು ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕ ಗುರುತಿಲ್ಲದವರ ಮನೆಯಲ್ಲಿ ರಾತ್ರಿ ಕಳೆಯುವ ಕಥೆಗಳ ಬಗ್ಗೆ ಬರೆಯುವಾಗ, ಭಯಕ್ಕೆ ಕಾರಣ ಆ ಮನೆಯವರ ಕ್ರೌರ್ಯವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ತೋರುವಂತೆ ಅದು ಹುಟ್ಟುವುದು ಅವರ ಉಪಚಾರದಿಂದ. ಉಂಡ ಮನೆಯ ಜಂತಿ ಎಣಿಸಬಾರದೆಂದು ಕೇಳಿ ಬೆಳೆದವನು ಪ್ರಾಣ ಉಳಿಸಿಕೊಳ್ಳಲು ಅದೇ ಜಂತಿಯನ್ನು ಎಣಿಸಬೇಕಾಗಿ ಬರುವುದೇ ಈ ಪ್ರಕಾರದ ತಿರುಳು.

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ಭಯಾನಕ ರಸದ ವಿಭಾವಗಳನ್ನು, ಅಂದರೆ ಭಯ ಹುಟ್ಟಿಸುವ ಕಾರಣಗಳನ್ನು, ಹೇಳುವಾಗ ವಿಕಾರವಾದ ಕೂಗು, ನರಿ ಗೂಬೆಗಳ ಅಂಜಿಕೆ, ಕಾಡು ಮತ್ತು ‘ಶೂನ್ಯಾಗಾರ’, ಅಂದರೆ ಯಾರೂ ಇಲ್ಲದ ಮನೆಯನ್ನು ಹೊಗುವುದು, ಇವೆಲ್ಲವನ್ನೂ ಸೇರಿಸುತ್ತಾನೆ. ನಮ್ಮ ಕಥೆಯ ಮನೆಯಲ್ಲಾದರೋ ಜನರಿದ್ದಾರೆ, ಒಲೆ ಉರಿಯುತ್ತಿದೆ. ಆದ್ದರಿಂದ ಇಲ್ಲಿ ವಿಭಾವಗಳಿಗಿಂತ ಭರತ ಹೇಳುವ ವ್ಯಭಿಚಾರಿ ಭಾವಗಳೇ, ಅಂದರೆ ಮುಖ್ಯ ಭಾವದ ಜೊತೆ ಬಂದು ಹೋಗುವ ಭಾವಗಳೇ, ಅದರಲ್ಲೂ ಶಂಕೆ ಮತ್ತು ದೈನ್ಯಗಳೇ, ನಮಗೆ ಹೆಚ್ಚು ನೆರವಾಗುತ್ತವೆ. 1919ರ ಪ್ರಬಂಧದಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಇಂಥ ಭಯಕ್ಕೆ ಬಳಸಿದ ‘ಉನ್‌ಹೈಮ್‌ಲಿಶ್’ (unheimlich) ಎಂಬ ಜರ್ಮನ್ ಪದದೊಳಗೂ ‘ಮನೆ’ ಎಂಬ ಮಾತೇ ಅಡಗಿದೆ ಎಂಬುದನ್ನು ಜೊತೆಗೆ ಗಮನಿಸಬಹುದು.

ಈ ಮಾತನ್ನು ಪರೀಕ್ಷಿಸಲು ನಾನೇ ಕಟ್ಟಿಕೊಂಡ ಒಂದು ಸನ್ನಿವೇಶ ಹೀಗಿದೆ. ಮೈಸೂರಿನ ಯುವಕನೊಬ್ಬನ ಬೈಕು ಪಾಂಡವಪುರದ ಆಚೆ, ಎರಡೂ ಬದಿ ಕಬ್ಬಿನ ಗದ್ದೆಯಿರುವ ನಾಲೆ ಏರಿಯ ಮೇಲೆ ರಾತ್ರಿ ಕೆಟ್ಟು ನಿಲ್ಲುತ್ತದೆ. ಒಂಟಿ ಮನೆಯ ಮುದುಕಿ ಕರೆದು, ಬಿಸಿ ಮುದ್ದೆಗೆ ಉಪ್ಸಾರು ಬಿಟ್ಟು, ಚಾಪೆ ಹಾಸಿಕೊಡುತ್ತಾಳೆ. ಬೆಳಗ್ಗೆ ಎದ್ದು ನೋಡಿದರೆ ಜಗಲಿಯ ಕೆಳಗೆ ಬಿಟ್ಟಿದ್ದ ಚಪ್ಪಲಿ ಇಲ್ಲ. “ಮಳೆ ಬರೋಂಗಿತ್ತು ಕಣಪ್ಪ, ಅದ್ಕೇ ಅಟ್ಟದ ಮೇಲೆ ಮಡಗಿವ್ನಿ. ಏನವಸ್ರ, ಇನ್ನೊಂದಿನ ಇದ್ದೋಗು ಮಗ,” ಎನ್ನುತ್ತಾಳೆ. ಅಂಗಳದ ದೂಳು ಒಣಗಿಯೇ ಇದೆ.

ಆಕೆಯ ಮಾತಿನಲ್ಲಿ ಬೆದರಿಕೆಯ ಒಂದಕ್ಷರವೂ ಇಲ್ಲದಿರುವುದನ್ನು ದಯವಿಟ್ಟು ಗಮನಿಸಿ. ಮೋಡ ಕವಿದು ಚದುರಿದ್ದಿರಬಹುದು, ಆಗ ಅನುಮಾನಿಸಿದವನೇ ಕೃತಘ್ನನಾಗುತ್ತಾನೆ. ಮೋಡವೇ ಕವಿಯದಿದ್ದರೆ ಆಕೆ ನಡುರಾತ್ರಿ ಎದ್ದು, ಮಲಗಿದ್ದವನನ್ನು ದಾಟಿ ಹೋಗಿ, ಅವನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಏಣಿ ಹತ್ತಿದ್ದಾಳೆ. ಎರಡರಲ್ಲಿ ಯಾವುದು ನಿಜವೆಂದು ತಿಳಿಯದ ಆ ಹೊತ್ತೇ ಶಂಕೆ, ಅದನ್ನು ಲೇಖಕ ಎಷ್ಟು ಹೊತ್ತು ಹಿಗ್ಗಿಸಬಲ್ಲನೋ ಅಷ್ಟು ಹೊತ್ತು ಕಥೆ ಬದುಕುತ್ತದೆ. ಮುದುಕಿಯ ಕೈಗೆ ಕುಡುಗೋಲು ಕೊಟ್ಟೊಡನೆ ಓದುಗನಿಗೆ ಓಡಬೇಕೆಂಬುದು ಖಚಿತವಾಗುತ್ತದೆ, ಖಚಿತವಾದದ್ದು ಮನಸ್ಸನ್ನು ಕೊರೆಯುವುದಿಲ್ಲ.

ದೈನ್ಯ ಇನ್ನೂ ಸೂಕ್ಷ್ಮವಾದದ್ದು. ಯುವಕ ಅಟ್ಟದ ಏಣಿಗಾಗಿ ಹುಡುಕುತ್ತಾನೆ. ಅದು ಒಳಕೋಣೆಯಲ್ಲಿದೆ, ಆ ಬಾಗಿಲಿಗೆ ಚಿಲಕ ಹಾಕಿದೆ. ತನ್ನದೇ ಚಪ್ಪಲಿಗಾಗಿ ಅವನು ಕೈ ಜೋಡಿಸಿ, “ಅವ್ವಾ, ತಪ್ಪು ತಿಳ್ಕೋಬೇಡಿ,” ಎಂದು ಮಾತು ಶುರು ಮಾಡುತ್ತಾನೆ.