ಆರೈಕೆಗೆ ದುಡ್ಡುಂಟು, ಬಾಡಿಗೆಗಿಲ್ಲ: ಅಮೆರಿಕದ ಹಳೆಯ ಗಂಟು

ಆಟಿಸಂ, ಡೌನ್ ಸಿಂಡ್ರೋಮ್ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರೊಬ್ಬರು ಅಮೆರಿಕದಲ್ಲಿ ಹೆತ್ತವರ ಮನೆ ಬಿಟ್ಟು ಬೇರೆ ಇರಬೇಕೆಂದರೆ ಮುಖ್ಯವಾಗಿ ಎರಡು ಖರ್ಚು. ಸ್ನಾನ, ಅಡುಗೆ, ಔಷಧಿ, ಓಡಾಟಕ್ಕೆ ಜೊತೆಯಾಗುವ ಸಹಾಯಕರ ಸಂಬಳ ಒಂದು. ಮನೆ ಬಾಡಿಗೆ ಇನ್ನೊಂದು. ಸಹಾಯಕರಿಗಾಗಿ ಮೆಡಿಕೈಡ್, ಅಂದರೆ ಬಡವರಿಗೂ ಅಂಗವಿಕಲರಿಗೂ ಇರುವ ಸರ್ಕಾರಿ ಆರೋಗ್ಯ ಯೋಜನೆ, ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಕೊಟ್ಟೀತು. ಬಾಡಿಗೆಗೆ, ಕೆಲವು ರಾಜ್ಯಗಳ ತಾತ್ಕಾಲಿಕ ವಿನಾಯಿತಿ ಬಿಟ್ಟರೆ, ಒಂದು ಡಾಲರನ್ನೂ ಕೊಡುವಂತಿಲ್ಲ. ಕೈಗೆಟಕುವ ಮನೆಗಳ ಕೊರತೆಯ ಬಗ್ಗೆ ಅಲ್ಲಿ ಎಷ್ಟೇ ಮಾತಾಡಿದರೂ ಕೊನೆಗೆ ಬಂದು ನಿಲ್ಲುವುದು ಈ ಗಂಟಿನ ಹತ್ತಿರವೇ.

ಗಂಟು ಬಿದ್ದದ್ದು ಅಂಗವಿಕಲರನ್ನು ಒಟ್ಟಿಗೆ ಇಡುತ್ತಿದ್ದ ದೊಡ್ಡ ಸಂಸ್ಥೆಗಳ ಕಾಲದಲ್ಲಿ. 1967ರ ಹೊತ್ತಿಗೆ ಬೌದ್ಧಿಕ ಅಂಗವೈಕಲ್ಯ ಇರುವ ಸುಮಾರು 1.95 ಲಕ್ಷ ಜನ ಸರ್ಕಾರಿ ಸಂಸ್ಥೆಗಳಲ್ಲಿದ್ದರು. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ವಿಲೋಬ್ರೂಕ್ ಕಟ್ಟಿದ್ದು 4,000 ಜನರಿಗೆ, ತುಂಬಿದ್ದು 6,000ಕ್ಕೂ ಹೆಚ್ಚು. 1972ರಲ್ಲಿ ಟಿವಿ ವರದಿಗಾರ ಹೆರಾಲ್ಡೊ ರಿವೆರಾ ಅಲ್ಲಿನ ಹೊಲಸು, ಬೆತ್ತಲೆ, ಚೀರಾಟವನ್ನು ದೇಶಕ್ಕೆ ತೋರಿಸಿದರು. 1975ರಲ್ಲಿ ನ್ಯಾಯಾಲಯದ ಒಪ್ಪಂದವಾಯಿತು. 1987ರಲ್ಲಿ ಸಂಸ್ಥೆ ಮುಚ್ಚಿತು.

ಇದೇ ಹೊತ್ತಿಗೆ, 1971ರಲ್ಲಿ, ಗುಣಮಟ್ಟ ಪಾಲಿಸುವ ಸಂಸ್ಥೆಗಳಿಗೆ ಮೆಡಿಕೈಡ್ ಹಣ ಕೊಡಬಹುದೆಂಬ ಕಾನೂನು ಬಂದಿತ್ತು. ಮೆಡಿಕೈಡ್ ಮೂಲತಃ ಆರೋಗ್ಯ ಯೋಜನೆ. ಆಸ್ಪತ್ರೆಯ ಬಿಲ್ಲಿನಲ್ಲಿ ಹಾಸಿಗೆ, ಊಟ ಸೇರುವ ಹಾಗೆಯೇ ಸಂಸ್ಥೆಯ ಬಿಲ್ಲಿನಲ್ಲೂ ಸೇರಿದವು. 1981ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ‘ವೇವರ್’ ಎಂಬ ವಿನಾಯಿತಿ ತಂದು, ಸಂಸ್ಥೆಯ ಸರಾಸರಿ ಖರ್ಚನ್ನು ಮೀರದಿದ್ದರೆ ಆರೈಕೆಯ ಹಣವನ್ನು ಊರೊಳಗಿನ ಬದುಕಿಗೂ ಬಳಸಲು ರಾಜ್ಯಗಳಿಗೆ ಬಿಟ್ಟಿತು. ಆದರೆ ವಸತಿ ಮತ್ತು ಊಟವನ್ನು ಮಾತ್ರ ಹೊರಗಿಟ್ಟಿತು. ಒಳಗಿದ್ದರೆ ಸೂರು ಉಚಿತ, ಹೊರಬಂದರೆ ನಿಮ್ಮ ಪಾಡು!

ಆ ಪಾಡಿಗೆಂದು ಇರುವುದು, ಕಡಿಮೆ ಆದಾಯದ ವೃದ್ಧರಿಗೂ ಅಂಗವಿಕಲರಿಗೂ ಕೇಂದ್ರ ಸರ್ಕಾರ ಕೊಡುವ, 1974ರಲ್ಲಿ ಶುರುವಾದ ಎಸ್‌ಎಸ್‌ಐ ಮಾಸಾಶನ. 2025ರಲ್ಲಿ ಒಬ್ಬರಿಗೆ ಗರಿಷ್ಠ ಕೇಂದ್ರ ಮೊತ್ತ 967 ಡಾಲರ್ ಇತ್ತು. ಕೆಲವು ರಾಜ್ಯಗಳು ಚೂರುಪಾರು ಸೇರಿಸುತ್ತವೆ. ದೊಡ್ಡ ನಗರಗಳಲ್ಲಿ ಒಂದು ಬೆಡ್‌ರೂಮಿನ ಬಾಡಿಗೆಯೇ ಇದನ್ನು ನುಂಗಿಹಾಕುತ್ತದೆ.

ಗ್ರೂಪ್ ಹೋಮ್‌ಗಳು ಬೆಳೆದದ್ದು ಈ ಲೆಕ್ಕದಿಂದ. ನಾಲ್ಕು ಜನರ ಮಾಸಾಶನ ಕೂಡಿಸಿದರೆ ಒಂದು ಮನೆಯ ಬಾಡಿಗೆ, ಊಟ ಹೊರಡುತ್ತದೆ. ರಾತ್ರಿಗೆ ನಾಲ್ವರಿಗೂ ಸೇರಿ ಒಬ್ಬ ಸಹಾಯಕ ಸಾಕಾಗುತ್ತದೆ. ಮೊದಲು ನೆರೆಹೊರೆಯವರೇ ಅಡ್ಡ ಬಂದರು. ಟೆಕ್ಸಾಸಿನ ಕ್ಲೀಬರ್ನ್ ನಗರ 13 ಜನರ ಒಂದು ಮನೆಗೆ ವಿಶೇಷ ಪರವಾನಗಿ ಬೇಕೆಂದು ಹೇಳಿ, ಕೊನೆಗೆ ಅದನ್ನೂ ಕೊಡಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಧಾರವನ್ನು ತಳ್ಳಿಹಾಕಿತು. ವಸತಿ ಕಾನೂನಿನ 1988ರ ತಿದ್ದುಪಡಿ ಮನೆ ಕೊಡುವಲ್ಲಿ ಅಂಗವಿಕಲರಿಗೆ ತಾರತಮ್ಯ ಮಾಡುವುದನ್ನು ನಿಷೇಧಿಸಿತು.

ಇದಕ್ಕಿಂತ ಆಳದ ತೊಡಕು ಬೇರೆ. ಮನೆಯ ಒಡೆಯನೂ ಆರೈಕೆ ಕೊಡುವವನೂ ಒಬ್ಬನೇ ಆದರೆ, ಸಹಾಯಕ ಒರಟನೆಂದು ಏಜೆನ್ಸಿ ಬದಲಿಸಲು ಹೊರಟವರು ಮನೆಯನ್ನೂ ಕಳೆದುಕೊಳ್ಳುತ್ತಾರೆ. ಸುಪ್ರೀಂ ಕೋರ್ಟಿನ 1999ರ ಓಲ್ಮ್‌ಸ್ಟೆಡ್ ತೀರ್ಪು, ಸಮುದಾಯದಲ್ಲಿ ಬದುಕಬಲ್ಲವರನ್ನು ಅನಗತ್ಯವಾಗಿ ಸಂಸ್ಥೆಯಲ್ಲಿಡುವುದು ತಾರತಮ್ಯ ಎಂದಿತು. ಆದರೂ ನಾಲ್ಕು ಗೋಡೆಯೊಳಗೆ ಸಂಸ್ಥೆಯ ಶಿಸ್ತೇ ಮುಂದುವರಿಯಬಹುದಲ್ಲ? ಅದಕ್ಕೇ ಮೆಡಿಕೈಡಿನ 2014ರ ನಿಯಮ ಹೀಗೆಂದಿತು: ನಿವಾಸಿಗೆ ಬಾಡಿಗೆ ಕರಾರು ಅಥವಾ ಅಷ್ಟೇ ರಕ್ಷಣೆ ಕೊಡುವ ಪತ್ರ ಇರಬೇಕು, ಕೋಣೆಗೆ ಬೀಗ ಇರಬೇಕು, ಕೋಣೆ ಹಂಚಿಕೊಳ್ಳುವವರನ್ನು ಆರಿಸಿಕೊಳ್ಳಬಹುದು, ಯಾವ ಹೊತ್ತಿಗಾದರೂ ತಿನ್ನಬಹುದು, ತಮಗೆ ಬೇಕಾದವರನ್ನು ಯಾವಾಗ ಬೇಕಾದರೂ ಕರೆಸಿಕೊಳ್ಳಬಹುದು. ಪಾಲನೆಗೆ ಕೊನೆಯ ಗಡುವು 2023ರ ಮಾರ್ಚ್. ಅಡುಗೆಮನೆಗೆ ಬೀಗ ಹಾಕಬೇಕಿದ್ದರೆ ಆ ಒಬ್ಬ ವ್ಯಕ್ತಿಯ ಯೋಜನೆಯಲ್ಲಿ ಕಾರಣ ಬರೆದಿರಬೇಕು. ‘ನಮ್ಮ ಮನೆಯ ನಿಯಮ’ ಎಂದರೆ ನಡೆಯದು. ಕಾಗದದ ಮೇಲೆ ಇದು ಚೆನ್ನಾಗಿದೆ. ಕಡಿಮೆ ಸಂಬಳದ ಸಹಾಯಕರು ಪದೇ ಪದೇ ಕೆಲಸ ಬಿಡುವಲ್ಲಿ ಯಾವ ಬೀಗದ ಕೈಯೂ ಅಷ್ಟು ಉಪಯೋಗಕ್ಕೆ ಬಾರದು.

ಬಾಡಿಗೆಯ ಕಡೆಯಿಂದ ನೋಡಿದರೆ ಗಟ್ಟಿ ಆಸರೆ 1974ರಲ್ಲಿ ಶುರುವಾದ ಸೆಕ್ಷನ್ 8 ಯೋಜನೆಯ ವೋಚರ್, ಅಂದರೆ ಬಾಡಿಗೆಗೆ ಸರ್ಕಾರ ಕೊಡುವ ನೆರವಿನ ಚೀಟಿ. ಕೆಲವು ಕಡಿತಗಳ ನಂತರದ ಆದಾಯದ ಸುಮಾರು ಶೇ 30 ಬಾಡಿಗೆದಾರನ ಪಾಲು. 967 ಡಾಲರಿನವರಿಗೆ ಅದು 290ಕ್ಕಿಂತ ಕಡಿಮೆ. ನಿಗದಿತ ಮಿತಿಯೊಳಗೆ ಉಳಿದದ್ದು ಸರ್ಕಾರದ್ದು. ಹಗಲಿರುಳು ಜೊತೆಗಿರುವ ಸಹಾಯಕ ಬೇಕಿದ್ದರೆ ಇನ್ನೊಂದು ಬೆಡ್‌ರೂಮ್ ಕೇಳಬಹುದು. ಆತನ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ತಂದೆತಾಯಿಯೇ ಮಾಲೀಕರಾಗಿ ಮಗನ ವೋಚರ್ ಪಡೆಯುವಂತಿಲ್ಲ, ಆದರೆ ಅಂಗವೈಕಲ್ಯದ ಕಾರಣಕ್ಕೆ ವಸತಿ ಪ್ರಾಧಿಕಾರ ವಿನಾಯಿತಿ ಕೊಡಬಹುದು. ವೋಚರಿಗೆ ಕಾಯುವವರ ಪಟ್ಟಿಗಳು ವರ್ಷಗಟ್ಟಲೆ ಉದ್ದ. ಎಷ್ಟೋ ಕಡೆ ಅರ್ಜಿ ಹಾಕಲು ಪಟ್ಟಿಯೇ ತೆರೆದಿರುವುದಿಲ್ಲ. 1990ರ ಸೆಕ್ಷನ್ 811 ಯೋಜನೆ ಅಂಗವಿಕಲರಿಗೆಂದೇ ಮನೆ ಕಟ್ಟಿಸಿತು. 2010ರ ತಿದ್ದುಪಡಿ ತಂದ ಬಾಡಿಗೆ ನೆರವಿನ ಯೋಜನೆಯಲ್ಲಿ ಒಂದು ಕಟ್ಟಡದ ಶೇ 25ಕ್ಕಿಂತ ಹೆಚ್ಚು ಮನೆಗಳನ್ನು ಅವರಿಗೇ ಮೀಸಲಿಡುವಂತಿಲ್ಲ. ಸಣ್ಣ ಸಂಸ್ಥೆ ಮತ್ತೆ ಹುಟ್ಟದಿರಲೆಂದು ಇಟ್ಟ ಈ ಮಿತಿ ಸರಿಯಾದದ್ದೇ, ತೋಟದ ನಡುವೆ ಕಾಲೊನಿ ಕಟ್ಟಬಯಸುವ ಕೆಲವು ಹೆತ್ತವರಿಗೆ ಒಪ್ಪಿಗೆಯಾಗದಿದ್ದರೂ.

ಅಮೆರಿಕದ ಕನ್ನಡ ಕುಟುಂಬಗಳು ಎಡವುವ ಜಾಗ ಎಸ್‌ಎಸ್‌ಐ. ಪೌರತ್ವ ಇಲ್ಲದವರಿಗೆ ಇದು ಬಹುಮಟ್ಟಿಗೆ ಸಿಗದು. ಪೌರರಾದ ಮಕ್ಕಳಿಗೂ 18 ತುಂಬುವವರೆಗೆ ಅಪ್ಪ ಅಮ್ಮನ ಆದಾಯ ಅಡ್ಡ. 18ರ ನಂತರ ಆ ಅಡ್ಡಿ ಇಲ್ಲ, ಹಾಗಾಗಿ ಮರುತಿಂಗಳೇ ಅರ್ಜಿ ಹಾಕಬೇಕು. ಮನೆಯಲ್ಲೇ ಪುಕ್ಕಟೆ ಊಟ ವಸತಿ ಇದ್ದರೆ ಮಾಸಾಶನದಲ್ಲಿ ಮೂರನೇ ಒಂದು ಭಾಗ, ಅಂದರೆ 2025ರ ಲೆಕ್ಕದಲ್ಲಿ 322.33 ಡಾಲರ್, ಕಡಿತ. ಇದನ್ನು ತಪ್ಪಿಸಲು ಮಗ ಅಥವಾ ಮಗಳು ಮನೆಖರ್ಚಿನ ತಮ್ಮ ಪಾಲನ್ನು ನಿಜವಾಗಿಯೂ ಕೊಡಬೇಕು, ಅದಕ್ಕೆ ಕರಾರು ಬರೆದಿಡಬೇಕು.

ಆಸ್ತಿಯ ಮಿತಿ 1989ರಿಂದಲೂ 2,000 ಡಾಲರ್. ಮೈಸೂರಿನ ಅಜ್ಜಿ ಪ್ರೀತಿಯಿಂದ ಮೊಮ್ಮಗನ ಹೆಸರಿಗೆ ಸೈಟು ಬರೆದಿಟ್ಟರೂ ಸಾಕು, ಮಾಸಾಶನ ನಿಂತೀತು. ಅನೇಕ ರಾಜ್ಯಗಳಲ್ಲಿ ಅದರ ಬೆನ್ನಿಗೆ ಮೆಡಿಕೈಡೂ ಹೋದೀತು. ಉಯಿಲು ಬರೆಯಬೇಕಾದದ್ದು ಅವನಿಗಾಗಿ ಬೇರೆಯವರು ಸ್ಥಾಪಿಸಿದ ವಿಶೇಷ ಅಗತ್ಯಗಳ ಟ್ರಸ್ಟಿನ ಹೆಸರಿಗೆ. ಟ್ರಸ್ಟು ನೇರವಾಗಿ ಬಾಡಿಗೆ ಕಟ್ಟಿದರೂ ಮಾಸಾಶನ ತಗ್ಗುತ್ತದೆ. ಅದೇ ಹಣವನ್ನು 2014ರ ಕಾನೂನು ತಂದ, ಅಂಗವಿಕಲರ ಉಳಿತಾಯಕ್ಕೆಂದೇ ಇರುವ ಏಬಲ್ ಖಾತೆಗೆ ಹಾಕಿ, ಅಲ್ಲಿಂದ ತೆಗೆದು ಆ ತಿಂಗಳೇ ಬಾಡಿಗೆ ಕೊಟ್ಟರೆ ತಗ್ಗುವುದಿಲ್ಲ. 2025ರಲ್ಲಿ ಖಾತೆಗೆ ವರ್ಷಕ್ಕೆ 19,000 ಡಾಲರ್ ಹಾಕಬಹುದಿತ್ತು.

ಇನ್ನೊಂದು, ಕೆಲಸ ಬದಲಿಸುತ್ತ ರಾಜ್ಯ ದಾಟುವ ಐಟಿ ಮಂದಿಗೆ: ಸೆಕ್ಷನ್ 8 ವೋಚರನ್ನು ಬೇರೆ ರಾಜ್ಯಕ್ಕೂ ಒಯ್ಯಬಹುದು. ವೇವರ್ ರಾಜ್ಯದ ಸೊತ್ತು. ಗಡಿ ದಾಟಿದವರು ಹೊಸ ರಾಜ್ಯದಲ್ಲಿ ಹೊಸದಾಗಿ ಅರ್ಜಿ ಹಾಕಿ ಸಾಲಿನಲ್ಲಿ ನಿಲ್ಲಬೇಕು.