ಪುಕ್ಕಟೆ ವಕೀಲರನ್ನು ಹುಡುಕುವ ಮೊದಲು ನಿಮ್ಮ ರಜಿಸ್ಟರ್ ನೋಡಿ

ಪ್ರಶ್ನೆ: ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಸಂಘದಿಂದ ಉಚಿತ ಕಾನೂನು ಸಲಹಾ ಕೇಂದ್ರ ಶುರು ಮಾಡಿದ್ದೇವೆ. ಜನ ಬರುತ್ತಾರೆ, ವಕೀಲರು ಬರೋದಿಲ್ಲ. ಫೀ ಇಲ್ಲದೆ ಕೆಲಸ ಮಾಡುವ ವಕೀಲರು ಎಲ್ಲಿ ಸಿಗುತ್ತಾರೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಗದಗದವರು ಕೇಳಿದ್ದಾರೆ, ರಾಣೆಬೆನ್ನೂರಿನವರು ಕೇಳಿದ್ದಾರೆ. ಹೈಕೋರ್ಟ್ ಪೀಠವನ್ನೇ ಪಕ್ಕದಲ್ಲಿ ಇಟ್ಟುಕೊಂಡ ಧಾರವಾಡದವರೂ ಕೇಳಿದ್ದಾರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಕೇಂದ್ರ ಅಂದರೆ ಕುರ್ಚಿಯಲ್ಲಿ ಒಬ್ಬ ವಕೀಲರು ಕೂತಿರಲೇಬೇಕು ಅನ್ನೋದು. ಎಷ್ಟು ಹೇಳಿದರೂ ಇದು ಹೋಗೋದಿಲ್ಲ. ನಿಮ್ಮ ರಜಿಸ್ಟರ್ ತೆಗೆದು ಕಳೆದ 3 ತಿಂಗಳಲ್ಲಿ ಬಂದವರ ಕೆಲಸ ಏನಿತ್ತು ನೋಡಿ. ವಿಧವಾ ವೇತನ ನಿಂತಿದೆ, ಪಹಣಿಯಲ್ಲಿ ಹೆಸರು ತಪ್ಪಿದೆ, ಬೆಳೆ ವಿಮೆ ಬಂದಿಲ್ಲ, ಕಟ್ಟಡ ಕಾರ್ಮಿಕರ ಕಾರ್ಡ್ ನವೀಕರಣ ಆಗಿಲ್ಲ, ಸಂಘದ ಸಾಲದವರು ಮನೆ ಮುಂದೆ ಬಂದು ಕೂರುತ್ತಾರೆ. ಇದರಲ್ಲಿ ಕೋರ್ಟ್ ಮೆಟ್ಟಿಲು ಹತ್ತುವಂಥದ್ದು ಎಷ್ಟು? ನಮ್ಮ ಕೇಂದ್ರದಲ್ಲಿ ಎಣಿಸಿದಾಗ ಜಾಸ್ತಿ ಇರಲಿಲ್ಲ. ಉಳಿದವರಿಗೆಲ್ಲ ಬೇಕಾಗಿದ್ದು ಕಾಗದ ಓದಬಲ್ಲವರು, ಅರ್ಜಿ ಬರೆಯಬಲ್ಲವರು, ಯಾವ ಕಚೇರಿಯ ಯಾವ ಮೇಜಿಗೆ ಹೋಗಬೇಕು ಅಂತ ಗೊತ್ತಿರುವವರು.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಅಜ್ಜಿ ಕೈಚೀಲದ ತುಂಬ ಕಾಗದ ಹಿಡಿದು ಬಂದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಹೊಲ ಇನ್ನೂ ಗಂಡನ ಹೆಸರಲ್ಲೇ ಇತ್ತು. ಯಾರೋ ಕೇಸ್ ಹಾಕಬೇಕು ಅಂದಿದ್ದರಂತೆ, ಅದಕ್ಕೆ ದುಡ್ಡಿಲ್ಲ ಅಂತ ಅಜ್ಜಿ ಸುಮ್ನೆ ಕೂತಿದ್ದರು. ನಮ್ಮಲ್ಲಿ ಅವತ್ತು ಇದ್ದವರು ಒಬ್ಬ ನಿವೃತ್ತ ಗ್ರಾಮ ಲೆಕ್ಕಾಧಿಕಾರಿ. ಚೀಲ ಸುರುವಿ, ಒಂದೊಂದೇ ಕಾಗದ ಬಿಡಿಸಿ, ತಾರೀಖಿನ ಪ್ರಕಾರ ನೆಲದ ಮೇಲೆ ಸಾಲಾಗಿ ಇಟ್ಟರು. ಮರಣ ಪತ್ರ ಇದೆ, ಪಹಣಿ ಇದೆ, ವಂಶಾವಳಿ ಒಂದೇ ಇಲ್ಲ. "ಯವ್ವಾ, ಮಕ್ಕಳ ನಡುವೆ ತಕರಾರು ಐತೇನು?" ಅಂದರು. ಇಲ್ಲ ಅಂದರು ಅಜ್ಜಿ. "ಹಂಗಾದ್ರ ಇದಕ್ಕ ಕೇಸ್ ಬ್ಯಾಡ, ಪೌತಿ ಖಾತೆ ಮಾಡಿಸಿದ್ರ ಸಾಕು, ಅಂದ್ರ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡೂದು. ನಾಡಕಚೇರಿಗೆ ಹೋಗೂಣು." ಇಷ್ಟೇ. ಇಪ್ಪತ್ತು ನಿಮಿಷ ಹಿಡಿದಿರಬಹುದು. ಹೊಸದಾಗಿ ಸನ್ನದು ತೆಗೆದುಕೊಂಡ ವಕೀಲರಿಗೆ ಇದು ಇಷ್ಟು ಬೇಗ ಹೊಳೆಯುತ್ತಿತ್ತು ಅಂತ ನನಗೆ ಅನ್ನಿಸೋದಿಲ್ಲ.

ಹಾಗಾಗಿ ಮೊದಲು ನಿಮ್ಮೂರಿನ ನಿವೃತ್ತರನ್ನು ಹುಡುಕಿ. ತಹಶೀಲ್ದಾರ್ ಕಚೇರಿಯಲ್ಲಿ ಇದ್ದವರು, ಕೋರ್ಟಿನ ಶಿರಸ್ತೇದಾರರು, ಬ್ಯಾಂಕಿನವರು, ಹೈಸ್ಕೂಲ್ ಮಾಸ್ತರರು. ಇವರಲ್ಲಿ ಆಸಕ್ತಿ ಇದ್ದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಲು ಅರ್ಜಿ ಹಾಕಬಹುದು. ಆಯ್ಕೆಯಾದರೆ ತರಬೇತಿ ಕೊಡುತ್ತಾರೆ, ಕೆಲಸ ಮಾಡಿದ ದಿನಕ್ಕೆ ಸ್ವಲ್ಪ ಗೌರವಧನವೂ ಇದೆ.

ಆಮೇಲೆ ಕಾನೂನು ವಿದ್ಯಾರ್ಥಿಗಳು. ರಾಜ್ಯ ಕಾನೂನು ವಿಶ್ವವಿದ್ಯಾಲಯ ನಮ್ಮ ಹುಬ್ಬಳ್ಳಿ ನವನಗರದಲ್ಲೇ ಇದೆ, 2009ರಿಂದ. ವಕೀಲಿ ವೃತ್ತಿಗೂ ಕಾನೂನು ಶಿಕ್ಷಣಕ್ಕೂ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಪ್ರತಿ ಕಾನೂನು ಕಾಲೇಜಿನಲ್ಲೂ ಕಾನೂನು ನೆರವು ಘಟಕ ಇರಬೇಕು. 3 ವರ್ಷದ ಕೋರ್ಸಿನವರು ಕನಿಷ್ಠ 12 ವಾರ, 5 ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಅಂದರೆ ನಿಮಗೆ ಜನ ಬೇಕಾದಷ್ಟೇ ಅವರಿಗೂ ಜಾಗ ಬೇಕು, ಅಲ್ವಾ? ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದು ನೀವೇ ಹೋಗಿ ಕೊಡಿ. ಆದರೆ ವಿದ್ಯಾರ್ಥಿಗಳು ಕೋರ್ಟಿನಲ್ಲಿ ವಾದ ಮಾಡೋ ಹಾಗಿಲ್ಲ. 1961ರ ವಕೀಲರ ಕಾಯ್ದೆ ಆ ಹಕ್ಕು ಕೊಟ್ಟಿರೋದು ವಕೀಲರಿಗೆ ಮಾತ್ರ.

ಈಗ ವಕೀಲರ ಮಾತು. ಅವರು ಬರದೇ ಇರೋದಕ್ಕೆ ಮನಸ್ಸಿಲ್ಲ ಅಂತ ಕಾರಣ ಹೇಳಬೇಡಿ. ಕೈಲಾಗದವರಿಗೆ ಉಚಿತ ನೆರವು ಕೊಡೋದು ವಕೀಲರ ದೊಡ್ಡ ಕರ್ತವ್ಯ ಅಂತ ಬಾರ್ ಕೌನ್ಸಿಲ್ ನಿಯಮದಲ್ಲೇ ಬರೆದಿದೆ, ಅವರಿಗೆ ಅದು ಗೊತ್ತು. ನಾವು ಕೇಳುವ ರೀತಿ ತಪ್ಪು. "ಸರ್, ನಮ್ಮ ಕೇಂದ್ರಕ್ಕೆ ಬನ್ನಿ, ಸೇವೆ ಮಾಡಿ" ಅಂದರೆ ಅವರ ಕಣ್ಣ ಮುಂದೆ ಬರೋದು ವಕಾಲತ್ತು, ಅಂದರೆ ಕೇಸ್ ನಡೆಸೋಕೆ ಕಕ್ಷಿದಾರರು ವಕೀಲರಿಗೆ ಕೊಡುವ ಅಧಿಕಾರ ಪತ್ರ. ಒಮ್ಮೆ ಅದಕ್ಕೆ ಸಹಿ ಹಾಕಿದರೆ ಕೋರ್ಟಿನ ಒಪ್ಪಿಗೆ ಇಲ್ಲದೆ ಕೇಸ್ ಬಿಡೋಕೆ ಆಗೋದಿಲ್ಲ, ವರ್ಷಗಟ್ಟಲೆ ತಾರೀಖಿಗೆ ನಿಲ್ಲಬೇಕು. ಅದರ ಬದಲು "ಈ ಎರಡು ಪುಟದ ನೋಟಿಸ್ ಓದಿ, ಉತ್ತರ ಕೊಡಬೇಕೋ ಬೇಡವೋ ಅಷ್ಟೇ ಹೇಳಿ" ಅಂತ ಕೇಳಿ ನೋಡಿ. ನಾನು ಹಾಗೆ ಕೇಳಿದಾಗ ಆಗಲ್ಲ ಅಂದವರು ತೀರಾ ಕಡಿಮೆ. ಕರೆಯೋದಾದರೆ ಭಾನುವಾರ ಕರೆಯಿರಿ. ಎರಡನೇ ಶನಿವಾರ ರಜೆ ಅಂತ ಕಾಣುತ್ತದೆ, ಆದರೆ ರಾಜಿಯಲ್ಲಿ ಕೇಸ್ ಮುಗಿಸುವ ರಾಷ್ಟ್ರೀಯ ಲೋಕ ಅದಾಲತ್ ಸಾಮಾನ್ಯವಾಗಿ ಅವತ್ತೇ ಬರುತ್ತದೆ. ಮತ್ತೆ ದಯವಿಟ್ಟು ಅವರ ಫೋಟೋ, ಫೋನ್ ನಂಬರ್ ಹಾಕಿ ಫ್ಲೆಕ್ಸ್ ಕಟ್ಟಬೇಡಿ. ವಕೀಲರು ಜಾಹೀರಾತು ಮಾಡೋ ಹಾಗಿಲ್ಲ. ನೀವು ಪ್ರೀತಿಯಿಂದ ಕಟ್ಟಿದ ಫ್ಲೆಕ್ಸಿನಿಂದ ಅವರ ಮೇಲೆ ದೂರು ಬರಬಹುದು.

ನಿಜವಾಗಿ ಕೋರ್ಟಿಗೆ ಹೋಗಬೇಕಾದ ಕೇಸ್ ಇದ್ದರೆ ಅದನ್ನು ನೀವು ಹೊರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಜೈಲಿನಲ್ಲಿರುವವರು ಇವರಿಗೆಲ್ಲ ಆದಾಯ ನೋಡದೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ನಿಮ್ಮ ಕೇಂದ್ರ ವಾರದ ಯಾವ ದಿನ ತೆರೆದಿರುತ್ತದೆ? ನಾವು ಮೊದಲು ಬುಧವಾರ ಇಟ್ಟಿದ್ದೆವು, ಯಾಕೆ ಅಂತ ನಮಗೇ ಗೊತ್ತಿರಲಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಹಳ್ಳಿಯಿಂದ ಯಾರು ಬರಬೇಕು? ಸ್ವಯಂಸೇವಕರು ಖಾಲಿ ಕೂತು ಕೂತು ಬೇಸತ್ತು ಬಿಟ್ಟು ಹೋಗುತ್ತಿದ್ದರು. ಆಮೇಲೆ ಸಂತೆ ದಿನಕ್ಕೆ ಬದಲಿಸಿದೆವು. ಮೊದಲ ವಾರವೇ ನಾವು ಬೀಗ ತೆಗೆಯುವ ಹೊತ್ತಿಗೆ ಮೂವರು ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಸಂತೆ ಚೀಲ. ಉಳ್ಳಾಗಡ್ಡಿ ಸರಿಸಿ ಕೈ ಹಾಕಿ, ತಳದಿಂದ ಪಹಣಿ ತೆಗೆದರು.